ತಳದ ಜಾಲರಿ

ಜನವರಿ ೯

ಮಗಳೇ,

ಫೋನಿನಲ್ಲಿ ನಾವಿಬ್ಬರೂ ‘ಹೂಂ’, ‘ಊಟ ಆಯ್ತಾ’ ಬಿಟ್ಟು ಮೂರನೆಯ ಮಾತಾಡುವುದಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ನೀನು ಆ ಕ್ರೇನ್ ಓಡಿಸುವ ಕೆಲಸಕ್ಕೆ ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬೇಜಾರು ಇನ್ನೂ ಹೋಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಡೆಯುವುದಕ್ಕಿಂತ ಮೊದಲು ಈಜಿದವಳು, ನಾಳೆ ಹತ್ತು ಮಕ್ಕಳಿಗೆ ಈಜು ಕಲಿಸಬೇಕಾದವಳು, ಹೋಗಿ ಆಕಾಶದಲ್ಲಿ ಕೂತು ಕಬ್ಬಿಣ ಎತ್ತುತ್ತೀಯಲ್ಲ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಇರಲಿ. ಈಗ ನಿನ್ನ ಕಸುಬಿನವರಿಂದಲೇ ನನಗೆ ತೊಂದರೆ ಬಂದಿದೆ. ನಿನ್ನನ್ನೇ ಕೇಳದೆ ಬೇರೆ ದಾರಿಯಿಲ್ಲ.

ನಮ್ಮ ಬಡಾವಣೆಯ ಈಜುಕೊಳದ ಪಕ್ಕ ಖಾಲಿ ಜಾಗವಿತ್ತಲ್ಲ, ನೀನು ಸೈಕಲ್ ಕಲಿಯುವಾಗ ಮೊಣಕಾಲು ಕೆತ್ತಿಸಿಕೊಂಡದ್ದು, ಅಲ್ಲಿ ದೊಡ್ಡ ಕಟ್ಟಡ ಏಳುತ್ತಿದೆ. ಬೆಳಿಗ್ಗೆ ಹೋಗಿ ನೋಡಿದರೆ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಸಿಮೆಂಟು ಕಟ್ಟಿರುತ್ತದೆ. ಕೋಲಿನ ಬಲೆಯಿಂದ ಬಾಚಿ, ಗೋಡೆ ಉಜ್ಜಿ, ತಳದಲ್ಲಿ ಕೂತದ್ದನ್ನು ಪೈಪಿನಿಂದ ಹೀರಿಸಿ, ಫಿಲ್ಟರ್ ತೊಳೆದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಆ ಕಡೆ ಕಲ್ಲು ಕೊಯ್ಯುವ ಯಂತ್ರ ಶುರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿದೆ ನನ್ನ ಕೆಲಸ. ಅದೂ ಸಾಲದು ಅಂತ ಒಂದು ಹಳದಿ ಕ್ರೇನು ತನ್ನ ಉದ್ದನೆಯ ಕೈಯನ್ನು ನಮ್ಮ ಗೋಡೆಯವರೆಗೂ ಚಾಚುತ್ತದೆ. ಅದನ್ನು ಕಂಡಾಗಲೆಲ್ಲ ಬಯ್ಯುತ್ತೇನೆ. ನೀನು ತಪ್ಪು ತಿಳಿಯಬೇಡ, ಬಯ್ಯುವುದು ಯಂತ್ರವನ್ನು.

ನನ್ನ ನಿಯಮ ನಿನಗೆ ಗೊತ್ತು. ಬೆಳಿಗ್ಗೆ ಆಳದ ಕಡೆಯ ದಂಡೆಯಲ್ಲಿ ನಿಂತು, ನೀರು ಹೊರಹೋಗುವ ಕಡೆ ಹಾಕಿದ ತಳದ ಜಾಲರಿ ನೋಡಬೇಕು. ಅದರ ಕಿಂಡಿಗಳು ಒಂದೊಂದೂ ಬೇರೆಯಾಗಿ ಕಂಡರೆ ಗೇಟು ತೆರೆಯಬೇಕು, ಕಲೆಸಿಕೊಂಡು ಕಂಡರೆ ಬೀಗ. ಮುಳುಗಿದ ಮಗು ಕಾಣದಂಥ ನೀರಿಗೆ ಮಕ್ಕಳನ್ನು ಇಳಿಸುವವನು ನಾನಲ್ಲ. ಈಚೆಗೆ ಜಾಲರಿ ಕಲೆಸಿಕೊಳ್ಳುತ್ತಿದೆ.

ಧೂಳು ಕಡಿಮೆ ಮಾಡಿಸಲು ಆ ಕಡೆಯವರಿಗೆ ಏನು ಹೇಳಬೇಕು? ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೂ ಬರೆ.

ಅಪ್ಪ

ನಾನು ಅಮ್ಮ. ಕೊನೆಯ ಸಾಲು ನಾನು ಹೇಳಿ ಬರೆಸಿದ್ದಲ್ಲ, ಅವರೇ ಬರೆದದ್ದು. ಹೊತ್ತಿಗೆ ಸರಿಯಾಗಿ ಉಣ್ಣು.

ಜನವರಿ ೨೧

ಅಪ್ಪ,

ಕಾಗದವನ್ನು ಎರಡು ಸಲ ಓದಿದೆ, ಒಮ್ಮೆ ಬೈಗುಳಕ್ಕೆ, ಇನ್ನೊಮ್ಮೆ ಕೊನೆಯ ಸಾಲಿಗೆ.

ಮೊದಲ ಮಾತು, ಮಾಲೀಕರ ಹತ್ತಿರ ಹೋಗಬೇಡಿ. ಮೇಸ್ತ್ರಿಯ ಹತ್ತಿರ ಹೋಗಿ. ಹೋದಾಗ ಬಯ್ಯಬೇಡಿ. ಕಷ್ಟ ಅಂತ ಗೊತ್ತು, ಆದರೂ. ಧೂಳು ನಿಮ್ಮ ನೀರಿಗೆ ಬೀಳುವ ಮೊದಲು ಅವರ ಮೂಗಿಗೆ ಹೋಗಿರುತ್ತದೆ, ಅವರಿಗೂ ಅದು ಬೇಡವಾಗಿದೆ. ಕಲ್ಲು ಕೊಯ್ಯುವ ಯಂತ್ರವನ್ನು ನಿಮ್ಮ ಗೋಡೆಯಿಂದ ಆಚೆ ಮೂಲೆಗೆ ಒಯ್ಯಲು ಹೇಳಿ, ಕೊಯ್ಯುವಾಗ ನೀರು ಬಿಡಲು ಹೇಳಿ. ಮರಳಿನ ರಾಶಿಗೆ ಟಾರ್ಪಾಲು ಹೊದಿಸಲಿ. ನಿಮ್ಮ ಕಡೆಯ ಮುಖಕ್ಕೆ ಮೇಲಿನಿಂದ ಕೆಳಗಿನವರೆಗೆ ಹಸಿರು ಬಲೆ ಕಟ್ಟಲಿ. ಇದೆಲ್ಲ ಅವರಿಗೆ ಗೊತ್ತಿರುವುದೇ, ಯಾರೂ ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ನೀವೂ ಕೊಳಕ್ಕೆ ಹೊದಿಕೆ ಎಳೆದುಬಿಡಿ.

ನನ್ನ ಕೆಲಸದ ಬಗ್ಗೆ ನೀವು ಕೇಳಿಲ್ಲ. ಒಂದೇ ಮಾತು ಹೇಳುತ್ತೇನೆ. ಇಲ್ಲೂ ಕ್ರೇನಿನ ಮೇಲಿನ ನನ್ನ ಗೂಡಿನಿಂದ ಒಂದು ಈಜುಕೊಳ ಕಾಣುತ್ತದೆ. ಅಂಗೈಯಷ್ಟಿದೆ, ನೀಲಿ. ಬೆಳಿಗ್ಗೆ ಯಾರೋ ಒಬ್ಬರು ಬಲೆ ಹಿಡಿದು ಅದರ ಸುತ್ತ ತಿರುಗುತ್ತಾರೆ. ಇಷ್ಟು ಎತ್ತರದಿಂದ ಮುಖ ಗೊತ್ತಾಗುವುದಿಲ್ಲ.

ನಿಮ್ಮ ಮಗಳು

ಫೆಬ್ರವರಿ ೨೪

ಮಗಳೇ,

ನೀನು ಹೇಳಿದಂತೆ ಮೇಸ್ತ್ರಿಯ ಹತ್ತಿರ ಹೋದೆ. ಬಯ್ಯಬಾರದೆಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದರೂ ಬಾಯಿ ತೆರೆದಾಗ ಬಂದದ್ದು ಬೈಗುಳವೇ. ಆ ಮನುಷ್ಯ ನಕ್ಕ. “ಯಜಮಾನ್ರೇ, ನೀವು ಗೋಡೆ ಆಚೆಯಿಂದ ಬೈಯೋದನ್ನ ದಿನಾ ಕೇಳ್ತಾ ಇದ್ದೀನಿ. ಎದುರಿಗೆ ಬಂದಿದ್ದು ಇವತ್ತೇ. ಬನ್ನಿ, ಕೂತ್ಕೊಳ್ಳಿ, ಏನ್ ಮಾಡ್ಬೇಕು ಹೇಳಿ” ಅಂದ. ನಾನು ಹೇಳಿದೆ. ವಾರದೊಳಗೆ ಯಂತ್ರ ಆಚೆ ಮೂಲೆಗೆ ಹೋಯಿತು, ಹಸಿರು ಬಲೆ ಏರಿತು. ಹೊರಡುವಾಗ ಅವನು ಕೇಳಿದ್ದು ಒಂದೇ, “ನಮ್ ಹುಡುಗಿಗೆ ನೀರು ಅಂದ್ರೆ ಜೀವ. ಈಜು ಕಲಿಸ್ತೀರಾ?” ಗೇಟು ತೆರೆದ ದಿನ ಕರೆದುಕೊಂಡು ಬಾ ಎಂದೆ.

ಗೇಟು ಮಾತ್ರ ತೆರೆಯಲಾಗುತ್ತಿಲ್ಲ. ದಂಡೆಯ ಕಂಬಿ ಮೇಲೆ ಬೆರಳು ಎಳೆದರೆ ಧೂಳು ಹತ್ತುವುದಿಲ್ಲ. ನೀರಿನ ಮೇಲೆ ಕೆನೆ ಇಲ್ಲ. ಪಟಿಕದ ಪುಡಿ ಹಾಕಿ ಕೊಳೆಯನ್ನು ತಳಕ್ಕೆ ಕೂರಿಸಿ ಹೀರಿಸಿದ್ದೂ ಆಯಿತು. ಆದರೂ ಜಾಲರಿ ಮಬ್ಬು ಮಬ್ಬು. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳು ನೀರಿನಲ್ಲಿ ಕರಗಿಯೇ ಹೋಗಿದೆ ಎಂದು ನನ್ನ ಲೆಕ್ಕ. ನೀರಿನ ಪರೀಕ್ಷೆಯವರು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದಾರೆ. ಬಾಟಲಿಗೆ ಹಿಡಿದುಕೊಂಡು ಹೋದ ನೀರು ನೋಡಿ ಇವರಿಗೇನು ಗೊತ್ತಾಗುತ್ತದೆ! ಈಜು ಕಲಿಸುವ ಟೀಚರಂತೂ ದಿನಾ ನನ್ನ ಪಕ್ಕ ನಿಂತು, “ನಂಗೆ ಚೆನ್ನಾಗಿ ಕಾಣ್ತಿದೆ ಅಣ್ಣ” ಅನ್ನುತ್ತಾಳೆ. ಮಕ್ಕಳ ಮೇಲಿನ ಪ್ರೀತಿಗೆ ಸುಳ್ಳು ಹೇಳುತ್ತಾಳೆ, ಪಾಪ. ಮಕ್ಕಳು ಗೇಟಿಗೆ ಜೋತುಬಿದ್ದು “ಕೊಳದ ತಾತ, ಇವತ್ತಾದ್ರೂ?” ಎಂದು ಕೇಳುತ್ತವೆ. ಇಲ್ಲ ಎಂದು ಹೇಳಿ ಬಲೆ ಹಿಡಿದು ಆ ಕಡೆ ಹೋಗಿಬಿಡುತ್ತೇನೆ.

ಮಾರ್ಚ್ ಕೊನೆಗೆ ಬಡಾವಣೆ ಸಂಘದ ಸಭೆ ಇದೆ. ನೀರು ಸರಿಯಾಯಿತೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಾರಂತೆ. ಇಲ್ಲ ಎಂದರೆ ಪಕ್ಕದ ಕಟ್ಟಡ ಮುಗಿಯುವವರೆಗೆ ಕೊಳ ಬರಿದು ಮಾಡುತ್ತಾರೆ. ಕಾಣದ್ದನ್ನು ಕಂಡೆ ಎಂದು ನಾನು ಹೇಗೆ ಹೇಳಲಿ?

ಅಪ್ಪ

ಅಮ್ಮ ಬರೆಯುವುದು: ನಿನ್ನೆ ಕಿಟಕಿಯ ಗಾಜನ್ನು ಒರೆಸಿದ್ದೇ ಒರೆಸಿದ್ದು. ನಾನು ಆಗಲೇ ಒರೆಸಿದ್ದೆ. ಕೇಳಿದರೆ ‘ಇನ್ನೂ ಧೂಳಿದೆ’ ಎನ್ನುತ್ತಾರೆ.

ಮಾರ್ಚ್ ೪

ಅಮ್ಮ,

ಇದನ್ನು ನಿನ್ನ ಗೆಳತಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಚಹಾ ಬಗ್ಗಿಸುವಾಗ ಲೋಟದ ಹೊರಗೆ ಚೆಲ್ಲುತ್ತಾರಾ? ದಾರಿಯಲ್ಲಿ ಎದುರಾದವರ ಗುರುತು ಹಿಡಿಯುತ್ತಾರಾ? ಬಲ್ಬಿನ ಬೆಳಕು ಅವರಿಗೆ ಹೇಗೆ ಕಾಣುತ್ತದೆ, ಸುಮ್ಮನೆ ಮಾತಿಗೆ ಮಾತು ಬಂದ ಹಾಗೆ ಕೇಳಿ ನೋಡು. ಅವರ ಈ ಸಲದ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಅಪ್ಪ ಗೆರೆ ಎಳೆದಂತೆ ಬರೆಯುವವರು.

ಬೇಗ ಬರೆ. ಸಭೆಗೆ ಹೆಚ್ಚು ದಿನವಿಲ್ಲ.

ನಿನ್ನ ಮಗಳು

ಮಾರ್ಚ್ ೧೦

ಪುಟ್ಟಿ,

ಚೆಲ್ಲುತ್ತಾರೆ. ಬೈದರೆ ಈ ಲೋಟದ ಬಾಯಿ ಚಿಕ್ಕದು ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊನ್ನೆ ಅವರ ಒಡಹುಟ್ಟಿದ ತಂಗಿ ಎದುರಿಗೆ ಬಂದರೆ “ನಮಸ್ಕಾರ ಮೇಡಂ” ಅಂದು ಮುಂದೆ ಹೋದರಂತೆ. ನಿನ್ನ ಅತ್ತೆ ಮುಖ ಊದಿಸಿಕೊಂಡಿದ್ದಾಳೆ, ಇನ್ನೂ ಇಳಿದಿಲ್ಲ. ಬಲ್ಬಿನ ಸುತ್ತ ಬಳೆ ತೊಡಿಸಿದ ಹಾಗೆ ಕಾಣುತ್ತದಂತೆ. ಅದಕ್ಕೂ ಧೂಳೇ ಕಾರಣವಂತೆ.

ನನಗೂ ಅನುಮಾನ ಇತ್ತು ಕಣೆ. ಒಮ್ಮೆ ಬಾಯಿ ಬಿಟ್ಟೆ. “ನನ್ ಕಣ್ಣಿಗೇನಾಗಿದೆ?” ಎಂದು ಎದ್ದು ಹೋದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಲ್ಲ. ಕೋಪ ಅಲ್ಲ ಅದು, ಹೆದರಿಕೆ. ಕೊಳ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಅವರು ಎಲ್ಲಿಗೆ ಹೋಗಬೇಕು?

ನೀನೇ ಬರೆ. ನಿನ್ನ ಮಾತು ಕೇಳುತ್ತಾರೆ. ನೀನು ಮೊದಲು ಬರೆದ ಕಾಗದ ಅವರ ಅಂಗಿ ಜೇಬಿನಲ್ಲೇ ಇರುತ್ತದೆ. ಒಗೆಯಲು ಹಾಕುವಾಗ ತೆಗೆದು ಬೇರೆ ಅಂಗಿಗೆ ಇಟ್ಟುಕೊಳ್ಳುತ್ತಾರೆ. ನಾನು ಹೇಳಿದೆ ಅಂತ ಹೇಳಬೇಡ.

ಅಮ್ಮ

ಮಾರ್ಚ್ ೧೬

ಅಪ್ಪ,

ಈ ಕಾಗದ ಓದಿದರೆ ನಿಮಗೆ ಕೋಪ ಬರುತ್ತದೆ. ಬಂದ ಮೇಲೂ ಕೊನೆಯವರೆಗೆ ಓದಿ.

ಕ್ರೇನಿನವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇದೆ. ಕೆಳಗೆ ನಿಂತವನು ಕೈಸನ್ನೆ ಮಾಡುತ್ತಾನೆ, ಅದನ್ನು ನೋಡಿಯೇ ನಾನು ಭಾರ ಎತ್ತಬೇಕು, ಇಳಿಸಬೇಕು. ಹೋದ ವರ್ಷದ ಪರೀಕ್ಷೆಯಲ್ಲಿ ಡಾಕ್ಟರು, “ದೂರದ್ದು ಮಸುಕು, ಸದ್ಯಕ್ಕೆ ಮೇಲೆ ಹೋಗ್ಬೇಡಿ” ಎಂದರು. ಅಂದು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನನ್ನನ್ನು ಇಳಿಸಿಬಿಟ್ಟರು, ಇನ್ನು ಹತ್ತಿಸುವುದಿಲ್ಲ ಅಂದುಕೊಂಡೆ. ನಿಮಗೆ ಹೇಳಲಿಲ್ಲ. ‘ನಾನು ಆಗಲೇ ಹೇಳಿರಲಿಲ್ಲವೇ’ ಅನ್ನುತ್ತೀರಿ ಎಂಬ ಭಯ. ಕನ್ನಡಕ ಬಂತು, ಮತ್ತೆ ಹತ್ತಿದೆ. ಮೇಲೆ ಕೂತು ನೋಡಿದರೆ ಆ ಅಂಗೈಯಷ್ಟು ಕೊಳದ ಹತ್ತಿರ ತಿರುಗುವವರ ತಲೆಯ ಮೇಲೆ ಕೆಂಪು ಟೋಪಿ ಇತ್ತು. ಅಷ್ಟು ದಿನ ಅದು ನನಗೆ ಕಂಡೇ ಇರಲಿಲ್ಲ.

ಈಗ ನೀವು ಒಂದು ಕೆಲಸ ಮಾಡಬೇಕು. ಬೆಳಿಗ್ಗೆ ಆಳದ ಕಡೆ ನಿಂತು ಎಡಗಣ್ಣು ಮುಚ್ಚಿ ಜಾಲರಿ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ನೀರು ಕೆಟ್ಟಿದ್ದರೆ ಎರಡಕ್ಕೂ ಒಂದೇ ರೀತಿ ಕೆಟ್ಟಿರಬೇಕು. ಒಂದು ಕಣ್ಣಿಗೆ ಹೆಚ್ಚು, ಒಂದು ಕಣ್ಣಿಗೆ ಕಡಿಮೆ ಮಬ್ಬು ಕಂಡರೆ ತೊಂದರೆ ನೀರಿನಲ್ಲಿಲ್ಲ.

ಸಭೆಯಲ್ಲಿ ನೀವು ನೀರು ಸರಿಯಿಲ್ಲ ಎಂದರೆ ಅವರು ನಂಬುತ್ತಾರೆ, ಯಾಕೆಂದರೆ ಹೇಳಿದ್ದು ನೀವು. ಕೊಳ ಬರಿದಾಗುತ್ತದೆ. ಒಮ್ಮೆ ಬರಿದಾದ ಕೊಳವನ್ನು ಯಾರೂ ಮತ್ತೆ ತುಂಬಿಸುವುದಿಲ್ಲ, ಅಪ್ಪ. ನಾವು ಕಟ್ಟಡದವರು, ನಮಗೆ ಗೊತ್ತು. ಖಾಲಿ ಗುಂಡಿ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ, ಮಣ್ಣು ತುಂಬಿಬಿಡುತ್ತೇವೆ.

ಚಿಕ್ಕವಳಿದ್ದಾಗ ನಾನು ತಳ ಮುಟ್ಟಲು ಹೆದರಿದಾಗ ನೀವು ದಂಡೆಯಲ್ಲಿ ಕೂತು, “ಹೋಗೇ ಕಪ್ಪೆಮರಿ, ನಾನು ನೋಡ್ತಾ ಇದ್ದೀನಿ” ಎನ್ನುತ್ತಿದ್ದಿರಿ. ಈಗ ಅದೇ ಮಾತನ್ನು ನಾನು ಹೇಳುತ್ತಿದ್ದೇನೆ.

ನಿಮ್ಮ ಮಗಳು

ಏಪ್ರಿಲ್ ೨

ಮಗಳೇ,

ಉತ್ತರ ತಡವಾಯಿತು. ನಿನ್ನ ಕಾಗದ ಓದಿದ ದಿನ ಅದನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ತುರುಕಿದ್ದೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನ್ನ ಕಣ್ಣಿನ ವಿಷಯ ಹೇಳುತ್ತಾಳೆ ಎಂದು ಸಿಟ್ಟು ಬಂದಿತ್ತು. ನಾಲ್ಕಾರು ದಿನ ಜಾಲರಿಯ ಕಡೆಗೂ ಹೋಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಯಾರೂ ಇಲ್ಲದ ಹೊತ್ತಿನಲ್ಲಿ, ಎಡಗಣ್ಣು ಮುಚ್ಚಿ ನೋಡಿದೆ. ಬರೀ ಹಾಲು. ಜಾಲರಿಯೂ ಇಲ್ಲ, ತಳವೂ ಇಲ್ಲ. ಬಲಗಣ್ಣು ಮುಚ್ಚಿದೆ. ಕಿಂಡಿಗಳು ಕಂಡವು. ತೆಳ್ಳಗೆ ಮಂಜು ಕವಿದ ಹಾಗಿದ್ದರೂ ಒಂದೊಂದೂ ಬೇರೆಯಾಗಿಯೇ ಕಂಡವು. ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಎಷ್ಟು ಸಲ ನೋಡಿದರೂ ನೀರು ಅದೇ ನೀರು.

ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತೆ. ಹೆದರಿಕೆಯಾಯಿತು. ಕಣ್ಣು ಹೋದ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಸಭೆಯಲ್ಲಿ ನೀರು ಸರಿಯಾಯಿತು ಎಂದಷ್ಟೇ ಹೇಳಿ ಗೇಟು ತೆರೆದುಬಿಡಲೇ ಎಂಬ ಯೋಚನೆಯೂ ಬಂತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಕ್ಕಳು ನೀರಿನಲ್ಲಿದ್ದಾಗ ತಳ ನೋಡಬೇಕಾದವನು ನಾನೇ ತಾನೆ.

ಸಭೆಯಲ್ಲಿ ಅಧ್ಯಕ್ಷರು ಕೇಳಿದರು. ಎದ್ದು ನಿಂತು ಹೇಳಿದೆ, “ನೀರು ಸರಿ ಇದೆ. ಸರಿ ಇಲ್ಲದ್ದು ನನ್ನ ಕಣ್ಣು.” ಅಧ್ಯಕ್ಷರು, “ಅಲ್ರೀ, ಹಾಗಾದ್ರೆ ಇಷ್ಟು ದಿನ ಬೀಗ ಹಾಕಿದ್ದು ಯಾಕೆ?” ಎಂದು ದನಿ ಏರಿಸಿದರು. ಹಿಂದಿನಿಂದ ಈಜಿನ ಟೀಚರ್ ಎದ್ದಳು. “ಅವ್ರಿಗೆ ತಳ ಕಾಣ್ಲಿಲ್ಲ, ಅದಕ್ಕೆ ಬೀಗ ಹಾಕಿದ್ರು. ಕಾಣದಿದ್ರೂ ತೆರೆಯೋರು ಬೇಕಾ ನಿಮಗೆ?” ಅಂದಳು. ಆ ಹುಡುಗಿಯನ್ನು ನಾನು ಸುಳ್ಳಿ ಅಂದುಕೊಂಡಿದ್ದೆನಲ್ಲ! ಅಧ್ಯಕ್ಷರು ದನಿ ಇಳಿಸಿ, “ಮೊದ್ಲು ಕಣ್ಣು ತೋರಿಸ್ಕೊಳ್ಳಿ. ಕೊಳ ಎಲ್ಲೂ ಹೋಗಲ್ಲ” ಎಂದರು.

ಸೋಮವಾರದಿಂದ ಗೇಟು ತೆರೆದಿದೆ. ಬೆಳಿಗ್ಗೆ ಜಾಲರಿ ನೋಡುವವಳು ಟೀಚರ್, ಮಕ್ಕಳ ಕಾವಲೂ ಅವಳದೇ. ನನಗೆ ಬಲೆ, ಬ್ರಷ್ಷು, ಫಿಲ್ಟರು. ಬೀಗದ ಕೈಯನ್ನು ನಾನೇ ಅವಳ ಕೈಗೆ ಇಟ್ಟೆ. ಈ ನೀರು ಇಷ್ಟು ಚೊಕ್ಕಟವಾಗಿ ಇದ್ದದ್ದನ್ನು ತಾನು ನೋಡಿಯೇ ಇಲ್ಲ ಎನ್ನುತ್ತಾಳೆ. ಇರದೆ ಏನು, ಯಾರನ್ನೂ ಇಳಿಸದೆ ಎರಡು ತಿಂಗಳು ತಿಕ್ಕಿದ್ದೇನೆ.

ಎರಡು ಕಣ್ಣಿಗೂ ಪೊರೆ ಬಂದಿದೆಯಂತೆ, ಬಲದ್ದು ಬಲಿತಿದೆಯಂತೆ. ಈ ತಿಂಗಳೇ ಬಲಗಣ್ಣಿನ ಆಪರೇಷನ್. ಎಲ್ಲರ ಮುಂದೆ ಹೇಳಿ ಕೂತ ಮೇಲೆ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಗಿದೆ. ಆದರೂ ಚಾಕು ಎಂದರೆ ಭಯ, ಅದನ್ನು ನಿನ್ನ ಅಮ್ಮನಿಗೆ ಹೇಳಿಲ್ಲ.

ಅಪ್ಪ

ಹೇಳಬೇಕಾಗಿಲ್ಲ, ಗೊತ್ತು. – ಅಮ್ಮ

ಏಪ್ರಿಲ್ ೯

ಅಪ್ಪ,

ನಿಮ್ಮ ಕಾಗದವನ್ನು ಮೇಲೆ ಗೂಡಿಗೆ ಒಯ್ದು, ಊಟದ ಹೊತ್ತಿನಲ್ಲಿ ಬಿಡಿಸಿದೆ. ಓದುತ್ತ ಜೋರಾಗಿ ನಕ್ಕೆ, ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಎಷ್ಟು ದಿನದಿಂದ ಎದೆಯಲ್ಲಿ ಕಲ್ಲು ಇಟ್ಟುಕೊಂಡು ಹತ್ತಿ ಇಳಿಯುತ್ತಿದ್ದೆ!

ಆಪರೇಷನ್ನಿಗೆ ಬರಲು ರಜೆ ಸಿಗಲಿಲ್ಲ. ಇಲ್ಲಿ ಛಾವಣಿ ಹಾಕುವ ಕೆಲಸ, ಕ್ರೇನ್ ನಿಲ್ಲುವಂತಿಲ್ಲ. ಜೂನ್‌ನಲ್ಲಿ ಬರುತ್ತೇನೆ. ಆಪರೇಷನ್ ದಿನ ಚಾಕುವಿನ ಬದಲು ಜಾಲರಿಯನ್ನು ನೆನೆಸಿಕೊಳ್ಳಿ.

ನಿಮ್ಮ ಮಗಳು

ಏಪ್ರಿಲ್ ೨೬

ಪುಟ್ಟಿ,

ಆಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು. ಒಳಗೆ ಹೋಗುವಾಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ ಬಳೆ ಬಗ್ಗಿದೆ.

ಪಟ್ಟಿ ಬಿಚ್ಚಿದ ಮೇಲೆ ನನ್ನನ್ನು ತುಂಬ ಹೊತ್ತು ನೋಡಿದರು. “ನಿನ್ ಕೂದಲು ಇಷ್ಟು ಬೆಳ್ಳಗಾಗಿದ್ದು ಯಾವಾಗ?” ಅಂದರು. “ನೀವು ಜಾಲರಿ ನೋಡ್ತಿದ್ದಾಗ” ಅಂದೆ. ಪಕ್ಕದ ಮಂಚದವರೂ ನಕ್ಕರು. ಈಗ ಮನೆಯಲ್ಲಿ ಕೂತು ಮೂಲೆ ಮೂಲೆಯ ಜೇಡರಬಲೆ ತೋರಿಸುತ್ತಿದ್ದಾರೆ. ಪೊರೆ ಇದ್ದಾಗಲೇ ನೆಮ್ಮದಿಯಾಗಿತ್ತು ಎಂದು ಬೈದೆ. ಬೈದದ್ದು ಬಾಯಿಮಾತಿಗೆ ಮಾತ್ರ. ನಿನ್ನೆ ರಾತ್ರಿ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ನಿನ್ನ ಅತ್ತೆ ನೋಡಲು ಬಂದಿದ್ದಳು. ಬಾಗಿಲಲ್ಲೇ ನಿಂತು, “ನಾನು ಯಾರು ಹೇಳು ನೋಡೋಣ” ಅಂದಳು. ಇಬ್ಬರೂ ರಾಜಿಯಾದರು.

ಅಮ್ಮ

ಮೇ ೧೯

ಕಪ್ಪೆಮರಿ,

ನಿನ್ನೆ ಟೀಚರ್ ಬೀಗದ ಕೈ ವಾಪಸು ಕೊಟ್ಟಳು. ಡಾಕ್ಟರು ಬಲಗಣ್ಣಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಎಡದ್ದು ಮಳೆಗಾಲ ಕಳೆದ ಮೇಲೆ.

ಇವತ್ತು ಬೆಳಿಗ್ಗೆ ಆಳದ ಕಡೆ ಹೋಗಿ ನಿಂತೆ. ನೋಡಲು ಹೆದರಿ ಸ್ವಲ್ಪ ಹೊತ್ತು ಚಪ್ಪಲಿಯನ್ನೇ ನೋಡಿಕೊಂಡಿದ್ದೆ. ಆಮೇಲೆ ನೋಡಿದೆ. ಮಗಳೇ, ಕಿಂಡಿ ಕಿಂಡಿ ಕಂಡಿತು! ಜಾಲರಿಯ ನಾಲ್ಕು ಮೂಲೆಯ ತಿರುಪು ಕಂಡವು, ಒಂದು ತಿರುಪಿನ ತಲೆ ಸವೆದದ್ದೂ ಕಂಡಿತು. ಏಣಿಯ ಹಿಂದೆ ಒಂದು ಅಂಗೈ ಪಾಚಿ ಬೆಳೆದಿದೆ. ನಾನು ಅಷ್ಟು ತಿಕ್ಕಿದರೂ ಅದು ಕಂಡಿರಲಿಲ್ಲ. ನಗು ಬಂತು, ಬ್ರಷ್ಷು ತಂದೆ.

ಗೇಟು ತೆರೆದಾಗ ಊರಿಗೆ ಹೋಗಿದ್ದ ಮೇಸ್ತ್ರಿಯ ಹುಡುಗಿ ಇವತ್ತು ಬಂದಿದ್ದಳು. ನೀರು ಕಂಡವಳೇ ಹಿಂದೆ ಮುಂದೆ ನೋಡದೆ ದೊಪ್ಪನೆ ಬಿದ್ದಳು. ನಿನ್ನ ಹಾಗೆಯೇ ಮೂಗಿಗೆ ನೀರು ಹತ್ತಿಸಿಕೊಂಡು ಎದ್ದಳು. ತಳದವರೆಗೂ ನನಗೆ ಅವಳ ಕಾಲಿನ ಬೆರಳು ಕಾಣುತ್ತಿತ್ತು. ಎಷ್ಟು ಸಮಾಧಾನವಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ.

ಇನ್ನೊಂದು ವಿಷಯ. ಪಾಚಿ ಉಜ್ಜಿ ಬೆನ್ನು ನೀವಿಕೊಳ್ಳುತ್ತ ತಲೆಯೆತ್ತಿದೆ. ಅದೇ ಹಳದಿ ಕ್ರೇನು. ಅಭ್ಯಾಸಬಲದಿಂದ ಬಯ್ಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಮೇಲೆ ಗಾಜಿನ ಗೂಡು ಇತ್ತು. ಅದರೊಳಗೆ ಒಬ್ಬರು ಕೂತಿದ್ದರು. ಜನವರಿಯಿಂದ ಬಯ್ಯುತ್ತಿದ್ದೇನೆ, ಅಲ್ಲಿ ಒಂದು ಜೀವ ಕೂತಿದೆ ಎಂದು ನನಗೆ ಹೊಳೆದಿರಲಿಲ್ಲ. ಗಂಡೋ ಹೆಣ್ಣೋ ಗೊತ್ತಾಗಲಿಲ್ಲ. ಬೆಳಿಗ್ಗೆ ಏನು ತಿಂದು ಹತ್ತಿದರೋ, ಯಾರ ಮನೆಯ ಮಗುವೋ ಅನ್ನಿಸಿತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೂ ಒಂದು ಕೈ ಆಡಿತು.

ನಿನ್ನ ಕೆಲಸದ ಬಗ್ಗೆ ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಎಲ್ಲ ಬರೆ. ಗಾಳಿ ಬೀಸಿದರೆ ಆ ಗೂಡು ಅಲ್ಲಾಡುತ್ತದೆಯೇ? ಹೆದರಿಕೆ ಆಗುತ್ತದೆಯೇ? ಜೂನ್‌ನಲ್ಲಿ ಬಂದಾಗ ನೀರಿನಲ್ಲಿ ಕೂತು ಹೇಳುವೆಯಂತೆ, ಆದರೂ ಬರೆ.

ಆ ಅಂಗೈಯಷ್ಟು ಕೊಳದ ಕೆಂಪು ಟೋಪಿಯವನಿಗೆ ದಿನಾ ಒಮ್ಮೆ ಕೈ ಬೀಸು. ಅವನು ತಲೆಯೆತ್ತಿ ನೋಡಲು ತಡ ಮಾಡಬಹುದು. ನೀನು ಬಿಡಬೇಡ.

ಅಪ್ಪ